ಮನೆಯ ಹೋರಿ ಹದಕ್ಕೆ ಬಂದುದನ್ನು ತಿಳಿಯುವ ಬಗೆ

ಅಮೆರಿಕದ ಮಿಸ್ಸೋರಿ ರಾಜ್ಯದಲ್ಲಿ ಮನೆಯ ಜೊತೆಗೆ ಹತ್ತು ಎಕರೆ ಹುಲ್ಲುಗಾವಲನ್ನೂ ಅಲ್ಲಿ ಮೇಯುತ್ತಿದ್ದ, ಬೀಜ ಒಡೆಸಿದ, ಆಂಗಸ್ ಎಂಬ ಮಾಂಸದ ತಳಿಯ ಎರಡು ಹೋರಿಗಳನ್ನೂ ಕೊಂಡಿದ್ದೀರಿ. ಅವಕ್ಕೆ ಈಗ 15 ತಿಂಗಳು ಎಂದೂ, 18 ತಿಂಗಳು ತುಂಬಿದೊಡನೆ ಮಾಂಸಕ್ಕೆ ಕಳುಹಿಸಬಹುದೇ ಎಂದೂ ಕೇಳಿದ್ದೀರಿ. ಹತ್ತೊಂಬತ್ತು ವರ್ಷಗಳಿಂದ ಈ ರಾಜ್ಯದಲ್ಲಿದ್ದು, ವರ್ಷಕ್ಕೆ ಒಂದೆರಡು ಹೋರಿಗಳನ್ನು ಮನೆಯ ಅಡುಗೆಗೆಂದೇ ಸಾಕುತ್ತಿರುವ ನನ್ನ ಉತ್ತರ ಇಷ್ಟು: ತಿಂಗಳ ಲೆಕ್ಕವನ್ನು ನಂಬಿ ದಿನ ಗೊತ್ತುಮಾಡಬೇಡಿ, ಹೋರಿಯ ಮೈಯಲ್ಲಿ ಕೊಬ್ಬು ಎಲ್ಲಿ, ಎಷ್ಟು ಕೂತಿದೆ ಎಂಬುದನ್ನು ನೋಡಿ, ಮುಟ್ಟಿ ನಿರ್ಧರಿಸಿ.

ಊರಿನ ಅನುಭವ ಈ ವಿಷಯದಲ್ಲಿ ನೆರವಾಗುವುದಿಲ್ಲ. ನಾನು ಬೆಳೆದ ಬೆಳ್ತಂಗಡಿಯ ಕಡೆ, ಗೋಹತ್ಯೆ ತಡೆಯುವ 1964ರ ಕರ್ನಾಟಕದ ಕಾಯಿದೆಯಿದ್ದ ಕಾಲದಲ್ಲಿ, 12 ವರ್ಷ ದಾಟಿದ ಇಲ್ಲವೇ ದುಡಿಯಲಾಗದ ಎತ್ತು, ಎಮ್ಮೆ, ಕೋಣಗಳಂಥವನ್ನು ಮಾತ್ರ ಕಡಿಯಲು ಅನುಮತಿಯಿತ್ತು. ಗದ್ದೆಯಲ್ಲಿ ಸವೆದ ಆ ಪ್ರಾಣಿಯ ಮಾಂಸದಲ್ಲಿ ಕೊಬ್ಬೇ ಇರುತ್ತಿರಲಿಲ್ಲವಾದ್ದರಿಂದ ಅದನ್ನು ಹದಕ್ಕೆ ತರುವುದು ಒಲೆಯ ಕೆಲಸವಾಗಿತ್ತು. ಇಲ್ಲಿ ಆ ಹದ ಬಹುಮಟ್ಟಿಗೆ ಹುಲ್ಲುಗಾವಲಿನಲ್ಲೇ ತೀರ್ಮಾನವಾಗುತ್ತದೆ.

ದನದ ಮೈ ಬೆಳೆಯುವಾಗ ಮೊದಲು ಮೂಳೆ, ಆಮೇಲೆ ಮಾಂಸಖಂಡ, ಕೊನೆಯಲ್ಲಿ ಕೊಬ್ಬು ಮುಂದಾಗುತ್ತದೆ. ಆದ್ದರಿಂದ ಎತ್ತರವಾಗಿ, ಉದ್ದವಾಗಿ ಕಾಣುವ ಹೋರಿ ಬೆಳೆದಿದೆ ಎಂದಷ್ಟೇ ಅರ್ಥ. ಬೆಳಗ್ಗೆ ಹೋರಿಗಳು ಸಮನೆಲದಲ್ಲಿ ನಿಂತಿರುವಾಗ ಹಿಂದಿನಿಂದ ನೋಡಿರಿ. ಬಾಲದ ಬುಡದ ಎರಡೂ ಕಡೆ ಮೆತ್ತನೆಯ ಉಬ್ಬುಗಳಂತೆ ಕೊಬ್ಬು ಎದ್ದಿರಬೇಕು. ಬೀಜದ ಚೀಲವಿದ್ದ ಜಾಗ ತುಂಬಿಕೊಂಡಿರಬೇಕು. ಮುಂದಿನಿಂದ ನೋಡಿದರೆ ಮುಂಗಾಲುಗಳ ನಡುವೆ ಎದೆಯ ಭಾಗ ಜೋಲುವ ತೊಗಲಾಗಿರದೆ ದುಂಡಗೆ ತುಂಬಿ, ನಡೆಯುವಾಗ ಆಚೀಚೆ ಅಲುಗಬೇಕು. ಪಕ್ಕದಿಂದ ನೋಡಿದರೆ ಹಿಂದೊಡೆಯ ಮುಂದಿನ ಹೊಟ್ಟೆಯ ಅಂಚು ಮೇಲಕ್ಕೆ ಎಳೆದಂತಿರದೆ ನೇರವಾಗಿರಬೇಕು. ಸಾಧುವಾದ ಹೋರಿಯಾದರೆ ಹಿಂಡಿ ತಿನ್ನುವಾಗ ಕೊನೆಯ ಪಕ್ಕೆಲುಬುಗಳ ಮೇಲೆ ಅಂಗೈ ಇಡಿ: ಮೂಳೆ ಒಡನೆ ಕೈಗೆ ಸಿಕ್ಕರೆ ಹದವಾಗಿಲ್ಲ, ತುಸು ಒತ್ತಿದ ಮೇಲೆ ಸಿಕ್ಕರೆ ಹದವಾಗಿದೆ, ಎಷ್ಟು ಒತ್ತಿದರೂ ಸಿಗದಿದ್ದರೆ ನೀವು ಹಾಕಿದ ಮೇವು, ಕಸಾಯಿ ಕತ್ತರಿಸಿ ಎಸೆಯುವ ಕೊಬ್ಬಾಗಿ ಹೋಗಿದೆ.

ತಕ್ಕಡಿ ಇಲ್ಲದಿದ್ದರೆ ಅಳತೆಪಟ್ಟಿ ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿ. ಅಳತೆ ಇಂಚಿನಲ್ಲಿದ್ದರೆ ತೂಕ ಸುಮಾರಾಗಿ ಪೌಂಡಿನಲ್ಲಿ ಬರುತ್ತದೆ. ಸುತ್ತಳತೆ 76, ಉದ್ದ 62 ಇಂಚಾದರೆ ತೂಕ 1,190 ಪೌಂಡಿನಷ್ಟು. ಸಾಧಾರಣ ಗಾತ್ರದ ಆಂಗಸ್ ಹೋರಿ 1,200ರಿಂದ 1,400 ಪೌಂಡಿನ ನಡುವೆ ಹದಕ್ಕೆ ಬರುತ್ತದೆ. ಮೆಕ್ಕೆಜೋಳ ತಿಂದದ್ದಾದರೆ ಇದು 18ರಿಂದ 20 ತಿಂಗಳಲ್ಲಿ ಆಗಬಹುದು. ಬರಿಯ ಹುಲ್ಲಿನ ಮೇಲೆ 24ರಿಂದ 30 ತಿಂಗಳೂ ಹಿಡಿಯುತ್ತದೆ. ನಮ್ಮ ರಾಜ್ಯದ ಹುಲ್ಲುಗಾವಲುಗಳಲ್ಲಿ ಹೆಚ್ಚಾಗಿರುವ ಫೆಸ್ಕ್ಯೂ ಹುಲ್ಲಿನೊಳಗೆ ಒಂದು ಬಗೆಯ ಶಿಲೀಂಧ್ರವಿದ್ದು, ಅದರಿಂದಾಗಿ ಬೇಸಿಗೆಯ ಬಿಸಿಲಲ್ಲಿ ದನಗಳು ಮೈ ಹಿಡಿಯುವುದೇ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಹದ ಬರಲೆಂದು ಕಾಯುವುದು ವ್ಯರ್ಥ.

ಮೂವತ್ತು ತಿಂಗಳು ದಾಟದಂತೆ ಮಾತ್ರ ಎಚ್ಚರವಹಿಸಿ. ಹುಚ್ಚು ದನದ ರೋಗದ ಭಯದಿಂದ ಬಂದ ನಿಯಮದಂತೆ ಅದಕ್ಕಿಂತ ದೊಡ್ಡ ದನದ ಬೆನ್ನೆಲುಬನ್ನು ತೆಗೆದುಬಿಡಬೇಕಾಗುತ್ತದೆ. ಬೆನ್ನಿನ ಮೂಳೆಸಹಿತ ತುಂಡುಗಳು ನಿಮಗೆ ಸಿಗುವುದಿಲ್ಲ.

ನನ್ನ ಮೊದಲ ಹೋರಿಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಕಸಾಯಿಖಾನೆಯಲ್ಲಿ ದಿನ ಸಿಕ್ಕಿತೆಂಬ ಒಂದೇ ಕಾರಣಕ್ಕೆ, ಹುಲ್ಲನ್ನಷ್ಟೇ ತಿಂದಿದ್ದ 16 ತಿಂಗಳ ಹೋರಿಯನ್ನು ಕಳುಹಿಸಿಬಿಟ್ಟೆ. ಮೈಮೇಲೆ ಕೊಬ್ಬಿನ ಹೊದಿಕೆಯಿಲ್ಲದ ಕಾರಣ ಎರಡು ವಾರ ತಣ್ಣಗಿನ ಕೋಣೆಯಲ್ಲಿ ತೂಗುಹಾಕಿ ಮೆತ್ತಗಾಗಿಸಲು ಆಗಲಿಲ್ಲ, ಹೊರಭಾಗವೆಲ್ಲ ಒಣಗಿಹೋಯಿತು. ಅಂದಿನಿಂದ ದಿನವನ್ನು ತಿಂಗಳುಗಟ್ಟಲೆ ಮೊದಲೇ ಕಾದಿರಿಸಿ, ಅದರಿಂದ ಹಿಂದಕ್ಕೆ ಎಣಿಸಿ 120 ದಿನ ಮೆಕ್ಕೆಜೋಳ ಕೊಡುತ್ತೇನೆ. ಜೋಳವನ್ನು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಬೇಕು, ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿಯಾಗಿ ಹೋರಿ ಸತ್ತೇ ಹೋಗಬಹುದು. ಜಂತಿಗೆಂದು ಬೆನ್ನಿಗೆ ಐವರ್ಮೆಕ್ಟಿನ್ ಸುರಿಯುವುದಿದ್ದರೆ ಕಸಾಯಿಖಾನೆಯ ದಿನಕ್ಕೆ 48 ದಿನ ಮೊದಲೇ ಮುಗಿಸಿರಬೇಕು.

ನಮ್ಮವರಿಗೆಂದು ಒಂದು ಮಾತು. ಇಲ್ಲಿನವರು ಮಾಂಸದೊಳಗೆ ಕೊಬ್ಬಿನ ಎಳೆಗಳು ಹರಡುವವರೆಗೆ ಕಾಯುವುದು ಕಾವಲಿಯ ಮೇಲೆ ಬಾಡಿಸಿ ತಿನ್ನುವ ತುಂಡುಗಳಿಗಾಗಿ. ನೀವು ಹೆಚ್ಚಾಗಿ ಮಾಡುವುದು ಸುಕ್ಕ, ಸಾರು ಎಂದಾದರೆ, ಪಕ್ಕೆಲುಬಿನ ಮೇಲೆ ತೆಳ್ಳಗೆ ಹೊದಿಕೆ ಬಂದೊಡನೆ ಕಳುಹಿಸಿದರೂ ನಷ್ಟವಿಲ್ಲ. ಕೊನೆಯ ನೂರು ಪೌಂಡಿಗೆ ಮೇವಿನ ಖರ್ಚೇ ಅತಿ ಹೆಚ್ಚು.

ಎರಡನ್ನೂ ಒಂದೇ ದಿನ ಕಳುಹಿಸಿ, ಒಂಟಿಯಾದ ಹೋರಿ ಬೇಲಿಯುದ್ದಕ್ಕೂ ಓಡಾಡಿ ಮೈ ಇಳಿಸಿಕೊಳ್ಳುತ್ತದೆ. ಬೆದರಿ ಓಡಿದ ದನದ ಮಾಂಸ ಕಪ್ಪಗೆ, ಅಂಟಂಟಾಗುವುದರಿಂದ ಟ್ರೈಲರನ್ನು ಒಂದು ವಾರ ಮೊದಲೇ ಹೊಲದಲ್ಲಿ ನಿಲ್ಲಿಸಿ, ಹಿಂಡಿಯನ್ನು ಅದರೊಳಗೇ ಇಡಿ. ನಾಲ್ಕನೆಯ ದಿನಕ್ಕೆಲ್ಲ ಅವು ತಾವಾಗಿಯೇ ಹತ್ತಿ ಇಳಿಯುತ್ತವೆ.