ನನ್ನ ಜಗಳ ಶುರುವಾಗಿದ್ದು ಅವ್ವನ ಜೊತೆ

ನೀವು ಎರಡು ವಿಷಯ ಕೇಳಿದ್ದೀರಿ. ನಾಸ್ತಿಕರು ಯಾವಾಗಲೂ ಹಿಂದೂ ಧರ್ಮದ ಬಗ್ಗೆಯೇ ಯಾಕೆ ಮಾತಾಡುತ್ತಾರೆ ಅನ್ನೋದು ಒಂದು. ಮುಸ್ಲಿಮರ, ಕ್ರೈಸ್ತರ ಎದುರು ಇದೇ ಮಾತು ಹೇಳುವ ಧೈರ್ಯ ಇದೆಯಾ ಅನ್ನೋದು ಇನ್ನೊಂದು. ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯವಳು. ಈಗ ಕೊಪ್ಪಳ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದೇವರನ್ನು ನಂಬೋದು ಬಿಟ್ಟು ಹದಿನೆಂಟು ವರ್ಷ ಆಯಿತು. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಈ ಪ್ರಶ್ನೆ ನನಗೆ ಬಂದೇ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ನಾಸ್ತಿಕಳಾದದ್ದು ಧರ್ಮಗಳನ್ನೆಲ್ಲ ಓದಿ, ತೂಗಿ ನೋಡಿ ಅಲ್ಲ. ಒಂದು ರಾತ್ರಿಯ ಕಥೆ ಅದು.

ನಾನಾಗ ಬಿಎಸ್ಸಿ ಎರಡನೇ ವರ್ಷ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆ. ನಮ್ಮ ಸರದಿ ರಾತ್ರಿ ಬಂದಿತ್ತು. ಅಣ್ಣ ಬ್ಯಾಟರಿ ಹಿಡಿದು ನೀರು ಕಟ್ಟಲು ಹೋದ. ಬದುವಿನ ಮೇಲೆ ಕೊಳಕುಮಂಡಲ ಕಚ್ಚಿತು. ಮನೆಗೆ ಬರುವಷ್ಟರಲ್ಲಿ ಪಾದ ಊದಿತ್ತು. ಅಪ್ಪ ಟ್ರ್ಯಾಕ್ಟರ್ ತೆಗೆದರು. ಅವ್ವ ಅಡ್ಡ ನಿಂತಳು. "ಮೊದ್ಲ ಗುಡಿಗೆ ಒಯ್ರಿ, ಆಮ್ಯಾಲ ದವಾಖಾನಿ" ಅಂದಳು. ಪಕ್ಕದೂರಿನಲ್ಲಿ ಒಂದು ಗುಡಿ ಇದೆ. ಹಾವು ಕಚ್ಚಿದವರನ್ನು ಅಲ್ಲಿ ಮಲಗಿಸಿ, ಭಂಡಾರ ಹಚ್ಚಿ, ಬೇವಿನ ಎಲೆ ತಿನ್ನಿಸುತ್ತಾರೆ. ಎಲೆ ಕಹಿ ಅನಿಸಿದರೆ ವಿಷ ಇಳಿದಿದೆ ಅಂತ ಲೆಕ್ಕ. ಅಣ್ಣ "ಕಹಿ ಐತಿ" ಅಂದ. ಎಲ್ಲರ ಮುಖದಲ್ಲಿ ಜೀವ ಬಂತು. ಆದರೆ ಅವನ ಹಲ್ಲಿನ ಸಂದಿಯಲ್ಲಿ ರಕ್ತ ಕಾಣುತ್ತಿತ್ತು. ಬೇವು ತಿಂದ ಬಾಯಿ, ಹಸಿರೂ ಕೆಂಪೂ ಕಲೆತ ಉಗುಳು. ನನಗೆ ಇವತ್ತಿಗೂ ಮೊದಲು ನೆನಪಾಗುವುದು ಅದೇ. ಎರಡು ತಾಸು ಅಲ್ಲೇ ಹೋಯಿತು.

ದವಾಖಾನೆಯಲ್ಲಿ ಡ್ಯೂಟಿ ಡಾಕ್ಟರು ಅವನ ರಕ್ತ ತೆಗೆದು ಸಣ್ಣ ಗಾಜಿನ ಕೊಳವೆಗೆ ಹಾಕಿ ನಿಲ್ಲಿಸಿದರು. ಇಪ್ಪತ್ತು ನಿಮಿಷ ಯಾರೂ ಅದನ್ನು ಮುಟ್ಟಲಿಲ್ಲ. ಆಮೇಲೆ ಕೊಳವೆ ಓರೆ ಮಾಡಿದರು. ಗಟ್ಟಿಯಾಗಬೇಕಿದ್ದ ರಕ್ತ ನೀರಿನ ಹಾಗೆ ಹರಿಯಿತು. ಮಂಡಲದ ವಿಷ ಏರಿದೆ ಅನ್ನೋದಕ್ಕೆ ಅದೇ ಪರೀಕ್ಷೆ. ಒಂದರ ಮೇಲೊಂದು ಇಪ್ಪತ್ತು ಸೀಸೆ ಔಷಧ ಹೋಯಿತು. ಕುದುರೆಗೆ ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷದಿಂದ ಮಾಡುವ ಔಷಧ ಅದು. ಅದಕ್ಕೆ ಬೇಕಾದ ವಿಷವನ್ನು ತಮಿಳುನಾಡಿನ ಇರುಳರು ಅನ್ನುವ ಬುಡಕಟ್ಟಿನವರು ಜೀವಂತ ಹಾವಿನಿಂದ ತೆಗೆದು ಕೊಡುತ್ತಾರೆ. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡೆ. ಕಿಡ್ನಿಗೆ ಪೆಟ್ಟು ಬಿದ್ದು ಡಯಾಲಿಸಿಸ್ ಆಯಿತು. ಅಣ್ಣ ಉಳಿದ. ಎಡಗಾಲು ಮಾತ್ರ ಮೊದಲಿನಂತಾಗಲಿಲ್ಲ.

ಮೂರು ತಿಂಗಳಾದ ಮೇಲೆ ಅವ್ವ ಹರಕೆ ತೀರಿಸಿದಳು. ಆ ಗುಡಿಗೆ ಬೆಳ್ಳಿ ಕಾಲು ಕೊಟ್ಟು ಬಂದಳು. "ಆ ಡಾಕ್ಟರಿಗೆ ಏನು ಕೊಟ್ಟಿ ಅವ್ವ?" ಅಂತ ಕೇಳಿದೆ. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನನ್ನ ಜಗಳ ಶುರುವಾಗಿದ್ದು ಹೀಗೆ, ನಮ್ಮ ಅಡುಗೆಮನೆಯಲ್ಲಿ, ನಾನು ತುಂಬಾ ಪ್ರೀತಿಸುವ ಹೆಂಗಸಿನ ಜೊತೆ. ಆಗ ನನಗೆ ಪೋಪ್ ಏನು ಹೇಳಿದ, ಮೌಲ್ವಿ ಏನು ಹೇಳಿದ ಅನ್ನೋದು ತಲೆಗೇ ಬರಲಿಲ್ಲ. ಬರಬೇಕಿತ್ತು ಅಂತಲೂ ಅನಿಸುವುದಿಲ್ಲ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 84 ಮಂದಿ ಹಿಂದೂಗಳು. ಹಾಗಾದರೆ ಇಲ್ಲಿ ನಾಸ್ತಿಕರಾಗುವವರಲ್ಲಿ ಹೆಚ್ಚಿನವರು ಹಿಂದೂ ಮನೆಯಲ್ಲೇ ಹುಟ್ಟಿದವರು, ಅಲ್ವಾ? ಅವರಿಗೆ ಗೊತ್ತಿರುವ ಪೂಜೆ ಅದೇ, ಮಡಿ ಅದೇ, ಅವರನ್ನು ಮುಟ್ಟಾದಾಗ ಹೊರಗೆ ಕೂರಿಸಿದ್ದೂ ಅದೇ.

ಒಂದು ಮಾತು ಸೇರಿಸಬೇಕು, ಯಾಕಂದರೆ ದೂರದವರಿಗೆ ನಮ್ಮ ಕಡೆಯ ಸಂಗತಿ ಗೊತ್ತಿರುವುದಿಲ್ಲ. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ "ನಮ್ಮ ಧರ್ಮ, ಅವರ ಧರ್ಮ" ಅಂತ ಗೆರೆ ಎಳೆಯುವುದೇ ಕಷ್ಟ. ಮೊಹರಂ ಬಂದರೆ ಬೆಂಕಿ ಹಾಕಲು ಅಲಾಯಿ ಕುಣಿ ಅನ್ನುವ ಗುಂಡಿ ತೋಡುತ್ತಾರೆ, ಹೆಜ್ಜೆ ಹಾಕುತ್ತಾರೆ, ಕೆಂಡ ತುಳಿಯುತ್ತಾರೆ. ಕುಣಿಯುವವರಲ್ಲಿ ಹಿಂದೂಗಳೇ ಜಾಸ್ತಿ. ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲೂ ಪೀರಲ ದೇವರು, ಅಂದರೆ ಮೊಹರಂನಲ್ಲಿ ಕೂರಿಸುವ ಪಂಜಾಗಳು, ಏಳುತ್ತವೆ. ನಮ್ಮವ್ವ ಪ್ರತಿ ವರ್ಷ ಆ ದೇವರಿಗೆ ಸಕ್ಕರೆ ಒಯ್ದು ಓದಿಸುತ್ತಾಳೆ. ಅಣ್ಣನ ಮಗಳನ್ನು ಎತ್ತಿಕೊಂಡು ಕೆಂಡದ ಹತ್ತಿರ ಹೋದಾಗ ನಾನು ಮಗುವನ್ನು ಕಸಿದುಕೊಂಡೆ, ಅವತ್ತೂ ಜಗಳ ಆಯಿತು. ಆಗ ಯಾರೂ "ನೀನು ಇಸ್ಲಾಂ ಅನ್ನು ಟೀಕಿಸಿದೆ" ಅಂತ ನನ್ನ ಬೆನ್ನು ತಟ್ಟಲಿಲ್ಲ. ಅದು ನಮ್ಮ ಮನೆಯ ನಂಬಿಕೆ, ಅಷ್ಟೇ. ನನ್ನ ಮನೆಯೊಳಗೆ ಇರುವುದನ್ನೆಲ್ಲ ನಾನು ಪ್ರಶ್ನೆ ಮಾಡಿದ್ದೇನೆ, ಅದರ ಮೇಲೆ ಯಾವ ಧರ್ಮದ ಹೆಸರಿದ್ದರೂ.

ಇನ್ನೊಂದು, ಬಲದ ವಿಷಯ. 2021ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬವೊಂದು ಮಗುವಿನ ಹುಟ್ಟುಹಬ್ಬಕ್ಕೆ ಗುಡಿಯ ಮುಂದೆ ನಿಂತು ಕೈ ಮುಗಿಯುತ್ತಿತ್ತು. ಪುಟ್ಟ ಮಗು ಒಳಗೆ ಓಡಿಬಿಟ್ಟಿತು. ಗುಡಿ ಶುದ್ಧಿ ಮಾಡಬೇಕು, ದಂಡ ಕಟ್ಟು ಅಂತ ಊರಿನ ಮೇಲ್ಜಾತಿಯ ಕೆಲವರು ಅಂದರು. ಸುದ್ದಿ ಹೊರಗೆ ಬಂದ ಮೇಲೆ ಪೊಲೀಸರು, ಅಧಿಕಾರಿಗಳು ಬಂದರು. ಈ ಜಿಲ್ಲೆಯಲ್ಲಿ ಪಾಠ ಮಾಡುವ ನಾನು ಮಾರನೇ ದಿನ ತರಗತಿಯಲ್ಲಿ ಏನು ಮಾತಾಡಬೇಕಿತ್ತು? ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಕೂತು ಒಂದು ಮನೆಗೆ ದಂಡ ಹಾಕುವ ಶಕ್ತಿ ಯಾವ ನಂಬಿಕೆಗಿದೆಯೋ ಅದನ್ನೇ ಮೊದಲು ಕೇಳಬೇಕಾಗುತ್ತದೆ. ಮಿಯಾಪುರದಲ್ಲಿ ಆ ಶಕ್ತಿ ಚರ್ಚಿಗಿಲ್ಲ.

ನೆಲ ಬದಲಾದರೆ ನಾಸ್ತಿಕರ ಗುರಿಯೂ ಬದಲಾಗುತ್ತದೆ. ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರಲ್ಲಿ ಲಂಡನ್ನಿನಲ್ಲಿ ಭಾಷಣಕ್ಕೆ ನಿಂತಾಗ ವಿಷಯ "ನಾನೇಕೆ ಕ್ರೈಸ್ತನಲ್ಲ" ಅಂತಿತ್ತು. ಹಿಂದೂಗಳನ್ನು ಯಾಕೆ ಬಿಟ್ಟೆ ಅಂತ ಅವರನ್ನು ಕೇಳುವುದರಲ್ಲಿ ಅರ್ಥವೇ ಇಲ್ಲ. ಬಾಂಗ್ಲಾದೇಶದ ಲೇಖಕಿ ತಸ್ಲೀಮಾ ನಸ್ರೀನ್ ಇಸ್ಲಾಂ ಬಗ್ಗೆ ಬರೆದು 1994ರಲ್ಲಿ ದೇಶ ಬಿಡಬೇಕಾಯಿತು. ಅದೇ ದೇಶದ ನಾಸ್ತಿಕ ಬರಹಗಾರ ಅವಿಜಿತ್ ರಾಯ್ ಅವರನ್ನು ನೋಡಿ. ಹುಟ್ಟಿದ್ದು ಹಿಂದೂ ಮನೆಯಲ್ಲಿ. ಆದರೆ ಸುತ್ತಲಿನ ಸಮಾಜ ಮುಸ್ಲಿಂ ಬಹುಸಂಖ್ಯಾತರದ್ದು, ಹಾಗಾಗಿ ಅಲ್ಲಿನ ಮತಾಂಧತೆಯನ್ನೇ ಎದುರು ಹಾಕಿಕೊಂಡು ಬರೆದರು. 2015ರ ಫೆಬ್ರವರಿ 26ರಂದು ಢಾಕಾದಲ್ಲಿ, ಪುಸ್ತಕ ಮೇಳ ಮುಗಿಸಿ ಬರುವಾಗ, ಅವರನ್ನು ಕೊಚ್ಚಿ ಕೊಂದರು. ಹೆಂಡತಿ ಪಕ್ಕದಲ್ಲಿದ್ದರು, ಅವರಿಗೂ ಗಾಯವಾಯಿತು. ನಾನು ಢಾಕಾದಲ್ಲಿ ಹುಟ್ಟಿದ್ದರೆ ಅವರ ಜೊತೆ ಇರುತ್ತಿದ್ದೆ ಅಂತ ನಂಬಿದ್ದೇನೆ.

ಬೇರೆ ಧರ್ಮವನ್ನು ಮುಟ್ಟುವುದೇ ಇಲ್ಲ ಅನ್ನೋದೂ ಸರಿಯಲ್ಲ. 2012ರಲ್ಲಿ ಮುಂಬೈಯ ಒಂದು ಚರ್ಚಿನಲ್ಲಿ ಏಸುವಿನ ಪ್ರತಿಮೆಯ ಪಾದದಿಂದ ನೀರು ತೊಟ್ಟಿಕ್ಕಿತು. ಜನ ಅದನ್ನು ಪವಿತ್ರ ಅಂತ ಹಿಡಿದುಕೊಂಡರು. ವಿಚಾರವಾದಿ ಸನಲ್ ಇಡಮರುಕು ಹೋಗಿ ನೋಡಿ, ಹತ್ತಿರದ ಚರಂಡಿ ಕಟ್ಟಿಕೊಂಡು ಆ ನೀರು ಗೋಡೆಯೊಳಗೆ ಹೀರಿಕೊಂಡು ಮೇಲೇರಿದೆ ಅಂತ ತೋರಿಸಿದರು. ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ. ಧಾರ್ಮಿಕ ಭಾವನೆಗೆ ಧಕ್ಕೆ ತಂದರು ಅಂತ ಅವರ ಮೇಲೆ ಐಪಿಸಿ 295ಎ ಅಡಿ ದೂರು ಬಿತ್ತು, ಅವರು ಫಿನ್‌ಲ್ಯಾಂಡಿಗೆ ಹೋದರು. 2017ರ ಮಾರ್ಚಿನಲ್ಲಿ ಕೊಯಮತ್ತೂರಿನಲ್ಲಿ ಫಾರೂಕ್ ಅನ್ನುವ ತರುಣನನ್ನು ಅವನ ನಾಸ್ತಿಕ ಬರಹಗಳಿಗಾಗಿ ಕೊಂದರು. ಮುಸ್ಲಿಂ ಮನೆಯಲ್ಲಿ ಹುಟ್ಟಿ ನಾಸ್ತಿಕನಾದವನು, ಪೆರಿಯಾರ್ ವಿಚಾರದ ಸಂಘಟನೆಯಲ್ಲಿದ್ದವನು.

ಹಿಂದೂ ಧರ್ಮವನ್ನು ಟೀಕಿಸುವುದು ಸುಲಭ, ಏನೂ ಆಗುವುದಿಲ್ಲ ಅನ್ನುವವರಿಗೆ ನಾನು ಹೇಳುವುದು ಮಹಾರಾಷ್ಟ್ರದಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಹೆಸರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಬೆಳಗಿನ ವಾಕಿಂಗ್ ಹೋದವರನ್ನು ಗುಂಡಿಟ್ಟು ಕೊಂದರು, ಅವರು ತಿರುಗಿ ಬರಲಿಲ್ಲ.

ಈಗ ನಿಮ್ಮ ಮಾತಿನಲ್ಲಿ ನಿಜ ಇರುವ ಕಡೆ ಬರುತ್ತೇನೆ. ಕೆಲವು ನಾಸ್ತಿಕರು ಹೆದರಿ ಸುಮ್ಮನಿರುತ್ತಾರೆ. ಕೆಲವರಿಗೆ ರಾಜಕೀಯ ಮುಖ್ಯ, ವಿಚಾರ ಆಮೇಲೆ. ಹಿಂದೂ ಹೆಣ್ಣಿಗೆ ಆದರೆ ಅನ್ಯಾಯ, ಮುಸ್ಲಿಂ ಹೆಣ್ಣಿಗೆ ಆದರೆ ಅದು ಅವರ ಸಂಸ್ಕೃತಿ ಅನ್ನುವ ಮಾತನ್ನು ನಾನೂ ಕೇಳಿದ್ದೇನೆ. ನನಗೆ ಅದು ಒಪ್ಪಿಗೆ ಇಲ್ಲ. ತಪ್ಪು ಅಂತ ಮುಖಕ್ಕೇ ಹೇಳಿದ್ದೇನೆ, ಒಬ್ಬ ಹಳೆಯ ಗೆಳೆಯನನ್ನು ಕಳೆದುಕೊಂಡಿದ್ದೇನೆ.

ಆದರೆ ನಾನೂ ಒಂದು ವಿಷಯದಲ್ಲಿ ಎಚ್ಚರ ವಹಿಸುತ್ತೇನೆ. 2022ರಲ್ಲಿ ರಾಜ್ಯದ ಎಷ್ಟೋ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದು ಅಂತ ಕೂಗು ಎದ್ದಿತ್ತು. ಬಳೆ ಮಾರಿ ಬದುಕುವವರು ಅವರು. ಆ ವಾರ ನಾನು ಬುರ್ಖಾ ಬಗ್ಗೆ ಉದ್ದ ಲೇಖನ ಬರೆದಿದ್ದರೆ ಯಾರು ಓದುತ್ತಿದ್ದರು? ಬುರ್ಖಾ ಹಾಕುವ ಹುಡುಗಿಯಂತೂ ಓದುತ್ತಿರಲಿಲ್ಲ. ಆ ಬಳೆಗಾರನನ್ನು ಎಬ್ಬಿಸಲು ಬಂದವರು ಓದಿ ಹಂಚುತ್ತಿದ್ದರು. ಒಳಗಿನವರ ಮಾತಿಗೆ ಇರುವ ತೂಕ ಹೊರಗಿನವರಿಗೆ ಬರುವುದಿಲ್ಲ. ಮೂರು ಸಲ ತಲಾಖ್ ಹೇಳಿ ಹೆಂಡತಿಯನ್ನು ಬಿಡುವುದು 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗಿದ್ದು ಶಾಯರಾ ಬಾನು ಅವರಂಥ ಮುಸ್ಲಿಂ ಹೆಣ್ಣುಮಕ್ಕಳು ಹೋರಾಡಿದ್ದಕ್ಕೆ. ಕೇರಳದ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಸಮಪಾಲು 1986ರಲ್ಲಿ ಸಿಕ್ಕಿದ್ದು ಅವರಲ್ಲೇ ಒಬ್ಬರಾದ ಮೇರಿ ರಾಯ್ ಕೋರ್ಟಿಗೆ ಹೋದದ್ದಕ್ಕೆ. ಇವರು ನಾಸ್ತಿಕರೋ ಅಲ್ಲವೋ, ನನಗದು ಮುಖ್ಯ ಅನಿಸುವುದಿಲ್ಲ. ತಮ್ಮ ಮನೆಯ ಜಗಳವನ್ನು ತಾವು ಮಾಡಿದರು.

ದೇವರಿದ್ದಾನೆ ಅನ್ನೋದಕ್ಕೆ ಸಾಕ್ಷಿ ಏನು ಅಂತ ನಾನು ಕೇಳಿದಾಗ ಅದು ಎಲ್ಲ ಧರ್ಮಕ್ಕೂ ಕೇಳಿದ ಪ್ರಶ್ನೆಯೇ. ಉದಾಹರಣೆ ಮಾತ್ರ ನಮ್ಮೂರಿಂದ ಬರುತ್ತದೆ.

ಇನ್ನು ಧೈರ್ಯದ ಪ್ರಶ್ನೆ. ನನ್ನ ಜೊತೆ ಕೆಲಸ ಮಾಡುವ ಮುಸ್ಲಿಂ ಟೀಚರ್ ಒಬ್ಬರಿದ್ದಾರೆ. ಅವರ ಮಗನಿಗೆ ಫಿಟ್ಸ್ ಬರುತ್ತದೆ. ಹೋದ ವರ್ಷ ಅವರ ಮನೆಗೆ ಹೋದಾಗ ಹುಡುಗನ ತೋಳಿಗೆ ಹೊಸ ತಾಯಿತ ಇತ್ತು. ದರ್ಗಾದಲ್ಲಿ ಕಟ್ಟಿಸಿದ್ದಾರೆ, ಮಾತ್ರೆ ನಿಲ್ಲಿಸಿ ಎಂಟು ದಿನ ಆಗಿದೆ ಅಂದರು. ನನಗೆ ಅಣ್ಣನ ಬಾಯಿ ಕಣ್ಣ ಮುಂದೆ ಬಂತು. "ಅಕ್ಕಾ, ತಾಯಿತದಿಂದ ಫಿಟ್ಸ್ ನಿಲ್ಲೋದಿಲ್ಲ. ಮಾತ್ರೆ ಹೀಗೆ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಇವತ್ತೇ ಡಾಕ್ಟರಿಗೆ ಫೋನ್ ಮಾಡ್ರಿ" ಅಂದೆ. ಅವರ ಅತ್ತೆ ಎದುರಿಗೇ ಕೂತಿದ್ದರು. ಚಹಾ ಅರ್ಧಕ್ಕೇ ಉಳಿಯಿತು. ಹದಿನೈದು ದಿನ ಅವರು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಬಂದು ಡಬ್ಬಿ ಬಿಚ್ಚಿ ಕೂತರು. ಡಾಕ್ಟರು ಬೈದರಂತೆ. ಈಗ ಹುಡುಗ ಎರಡು ಹೊತ್ತೂ ಮಾತ್ರೆ ತಗೋತಾನೆ. ತಾಯಿತ ಇನ್ನೂ ತೋಳಲ್ಲೇ ಇದೆ.