ಸ್ವಾರ್ಥ ಕಂಡಾಗ ಪ್ರಾರ್ಥನೆಯನ್ನೇ ನಿಲ್ಲಿಸಬೇಕೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗನ ಕೆಲಸಕ್ಕಾಗಿ ಮೊಣಕಾಲೂರಿದಾಗ 'ನನಗೆ ದೇವರು ಬೇಕೋ, ಅವರು ಕೊಡುವ ಕೆಲಸ ಬೇಕೋ' ಎಂಬ ಅನುಮಾನ ಹುಟ್ಟಿ, ಮೂರು ವಾರಗಳಿಂದ ಪ್ರಾರ್ಥನೆಯನ್ನೇ ಬಿಟ್ಟಿದ್ದೇನೆ ಎಂದಿದ್ದೀರಿ. ಮನಸ್ಸು ಶುದ್ಧವಾಗುವವರೆಗೆ ಕಾಯುವುದು ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ. ಇಂದು ರಾತ್ರಿಯೇ ಮತ್ತೆ ಶುರು ಮಾಡಿ. ಇಷ್ಟು ಖಂಡಿತವಾಗಿ ಹೇಳುವುದಕ್ಕೆ ನನಗೊಂದು ಕಾರಣವಿದೆ.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಕ್ರೈಸ್ತ ಪಂಗಡ) ಸಭೆಯಲ್ಲಿ ಬೆಳೆದವಳು. ಮದುವೆಯಾಗಿ ಏಳು ವರ್ಷ ಗಂಡ ಒಂದು ಜಿಲ್ಲೆ, ನಾನು ಒಂದು ಜಿಲ್ಲೆ. ವರ್ಗಾವಣೆಗಾಗಿ ಉಪವಾಸವಿದ್ದು ಬೇಡಿದೆ. ಆದಾಯದ ಹತ್ತನೇ ಒಂದು ಪಾಲನ್ನು ದೇವರಿಗೆ ಕೊಡುವ ದಶಮಾಂಶಕ್ಕಿಂತ ಹೆಚ್ಚು ಕೊಡುತ್ತೇನೆಂದು ಮಾತು ಕೊಟ್ಟೆ. ಕೊನೆಗೂ ಕೌನ್ಸೆಲಿಂಗ್‌ನಲ್ಲಿ ಪತಿ-ಪತ್ನಿ ಪ್ರಕರಣದ ಆದ್ಯತೆಯಿಂದ ನಮ್ಮೂರಿನ ಪಕ್ಕದ ಶಾಲೆಯೇ ಸಿಕ್ಕಿತು. ಮುಂದಿನ ಭಾನುವಾರ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ: ಇದ್ದ ಒಂದೇ ಹುದ್ದೆಯನ್ನು ದೇವರು ನನಗೆಂದೇ ಕಾದಿರಿಸಿದ್ದರು ಎಂದು.

ಅದೇ ಹುದ್ದೆಗೆ ನನ್ನ ಸಹೋದ್ಯೋಗಿಯೊಬ್ಬರೂ ಕಾಯುತ್ತಿದ್ದರು. ಅವಿವಾಹಿತೆ. ಊರಿನಲ್ಲಿದ್ದ ಅವರ ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಿತ್ತು. ನನಗಿದು ತಿಳಿಯದ ಸಂಗತಿಯಲ್ಲ. ನಾವಿಬ್ಬರೂ ದಿನವೂ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದವರು. ಬೇಡಿಕೆಗಳನ್ನು ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ, ನೆರವೇರಿದ್ದಕ್ಕೆ ಗೆರೆ ಎಳೆಯುತ್ತೇನೆ. ಸಾಕ್ಷಿ ಹೇಳಿ ಬಂದ ಸಂಜೆ ಆ ವರ್ಷದ ಪುಟಗಳನ್ನು ತಿರುವಿದೆ. ಅವರ ಹೆಸರಾಗಲಿ, ಅವರ ತಾಯಿಯ ಹೆಸರಾಗಲಿ ಒಂದು ಕಡೆಯೂ ಇರಲಿಲ್ಲ.

ಗಂಡನೊಂದಿಗೆ ಒಂದೇ ಸೂರಿನಡಿ ಬಾಳಬೇಕೆಂದು ಬಯಸಿದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದವರು ನನ್ನ ಪ್ರಾರ್ಥನೆಯೊಳಗೆ ಬಾರದೇ ಹೋದರಲ್ಲ, ಅದು ತಪ್ಪು. ಅವರು ಕಳೆದುಕೊಂಡದ್ದನ್ನೇ ನನ್ನ ಮೇಲಿನ ದೇವರ ವಿಶೇಷ ಒಲವಿನ ಗುರುತೆಂದು ಸಭೆಯ ಮುಂದೆ ಹೇಳಿದ್ದು ಇನ್ನೂ ದೊಡ್ಡ ತಪ್ಪು.

ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. 'ನಾನು ಏನು ಮಾಡಬೇಕೆಂದು ಬಯಸುತ್ತೀರಿ' ಎಂದು ಯೇಸುಸ್ವಾಮಿ ಅಲ್ಲಿ ಎರಡು ಸಲ ಕೇಳುತ್ತಾರೆ. ಮೊದಲು ತಮ್ಮ ಶಿಷ್ಯರಾದ, ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರನ್ನು, ಆಮೇಲೆ ಯೆರಿಕೋವಿನ ದಾರಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನನ್ನು. ಶಿಷ್ಯರು ಮಹಿಮೆಯಲ್ಲಿ ಬಲಗಡೆ ಎಡಗಡೆಯ ಸ್ಥಾನ ಬೇಡಿದರು. ಕುರುಡ ಕಣ್ಣು ಬೇಡಿದ. ಇಬ್ಬರೂ ತಮಗಾಗಿಯೇ ಬೇಡಿದ್ದು! ಆದರೆ ಬಾರ್ತಿಮಾಯನಿಗೆ ಕಣ್ಣು ಬಂದರೆ ಯಾರಿಗೂ ಕತ್ತಲಾಗುವುದಿಲ್ಲ. ಆ ಸೋದರರಿಗೆ ಎರಡು ಸ್ಥಾನ ಸಿಕ್ಕಿದರೆ ಉಳಿದ ಹತ್ತು ಮಂದಿ ಶಿಷ್ಯರು ಅವರಿಗಿಂತ ಕೆಳಗೆ. ಆ ಹತ್ತು ಮಂದಿಗೆ ಸಿಟ್ಟು ಬಂದದ್ದನ್ನೂ ಮಾರ್ಕನು ಬರೆದಿದ್ದಾನೆ. ನನ್ನ ಬೇಡಿಕೆ ಈ ಎರಡರಲ್ಲಿ ಯಾವುದರ ಹಾಗಿದೆ ಎಂದು ನಾನೀಗ ಹುಡುಕುತ್ತೇನೆ. ಕೆಲವು ಸಲ ಎರಡೂ ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿರುತ್ತವೆ.

ಶುದ್ಧವಾದ ಮೇಲೆ ಬರುತ್ತೇನೆ ಎನ್ನುವ ನಿಮಗೆ ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ಕಥೆಯ ಕಿರಿಯ ಮಗನನ್ನು ನೆನಪಿಸಬೇಕು. ಆಸ್ತಿಯ ಪಾಲು ತೆಗೆದುಕೊಂಡು ದೂರ ಹೋಗಿ, ಎಲ್ಲವನ್ನೂ ಹಾಳುಮಾಡಿ, ಮನೆಗೆ ಮರಳಿದವನು. ಅವನು ಅಪ್ಪನ ಮೇಲಿನ ಪ್ರೀತಿ ಉಕ್ಕಿ ಹೊರಟವನಲ್ಲ. ಅಪ್ಪನ ಮನೆಯ ಕೂಲಿಯಾಳುಗಳಿಗೆ ಬೇಕಾದಷ್ಟು ಊಟವಿದೆ, ನಾನಿಲ್ಲಿ ಹಸಿವಿನಿಂದ ಸಾಯುತ್ತಿದ್ದೇನೆ ಎಂದು ಎದ್ದವನು. ಹೇಳಬೇಕಾದ ಮಾತನ್ನೂ ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ. ದೂರದಲ್ಲಿರುವಾಗಲೇ ಕಂಡ ಅಪ್ಪ ಓಡಿ ಬಂದು ತಬ್ಬಿಕೊಂಡರು. ಯಾಕೆ ಬಂದೆ ಎಂದು ಕೇಳಲಿಲ್ಲ. ನನಗೆ ಈ ಭಾಗ ಓದುವಾಗಲೆಲ್ಲ ಗಂಟಲು ಕಟ್ಟುತ್ತದೆ.

ಇನ್ನೊಂದು ಮಾತು. ಲಾಭವಿಲ್ಲದೆ ಯೋಬನೆಂಬ ಭಕ್ತನು ದೇವರಿಗೆ ಭಯಪಡುತ್ತಾನೆಯೇ ಎಂಬ ಪ್ರಶ್ನೆ ಬೈಬಲಿನ ಯೋಬನ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಕೇಳಿದವನು ಸೈತಾನ. ಹಾಗೆಂದು ಆ ಪ್ರಶ್ನೆಯನ್ನೇ ತಳ್ಳಿಹಾಕಬೇಕೆಂದಲ್ಲ. ಬೈಬಲಿನಲ್ಲಿರುವ ಯಾಕೋಬನ ಪತ್ರವೂ (ಈತ ಬೇರೆ ಯಾಕೋಬ) 4ನೆಯ ಅಧ್ಯಾಯದಲ್ಲಿ, ಭೋಗಕ್ಕಾಗಿ ಬೇಡುವುದರಿಂದಲೇ ನಿಮಗೆ ಸಿಗುವುದಿಲ್ಲ ಎಂದು ಗದರಿಸುತ್ತದೆ. ಆದರೆ ಯಾಕೋಬನ ಗದರಿಕೆ ಮುಂದಕ್ಕೆ ಹೋಗಿ, ದೇವರ ಸಮೀಪಕ್ಕೆ ಬನ್ನಿರಿ ಎಂದು ಕರೆಯುತ್ತದೆ. ನಿಮ್ಮ ಅನುಮಾನ ನಿಮ್ಮನ್ನು ಮೂರು ವಾರ ದೂರ ಇಟ್ಟಿದೆ. ಹಾಗಾದರೆ ಅದು ಯಾರ ದನಿಯೆಂದು ನೀವೇ ಯೋಚಿಸಿ.

ನಾನು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ಕರ್ತನಾದ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ 'ನನ್ನ' ಎಂಬುದೇ ಇಲ್ಲ. ಅನುದಿನದ ಆಹಾರವೂ 'ನಮ್ಮ' ಆಹಾರ. ಹಾಗಾಗಿ ನನಗೆ ಬೇಕಾದ್ದನ್ನು ಮುಚ್ಚುಮರೆಯಿಲ್ಲದೆ ಬೇಡಿ, ಅದನ್ನೇ ಬಯಸುತ್ತಿರುವ ಇನ್ನೊಬ್ಬರ ಹೆಸರನ್ನು ಕೆಳಗೆ ಬರೆಯುತ್ತೇನೆ. ನೀವೂ ಮಗನ ಕೆಲಸವನ್ನು ಧಾರಾಳವಾಗಿ ಬೇಡಿ, ತಾಯಿಯಲ್ಲವೇ! ಅದೇ ಸಂದರ್ಶನದ ಸಾಲಿನಲ್ಲಿ ಅವನ ಪಕ್ಕ ಕುಳಿತಿರುವ ಹುಡುಗನಿಗೂ ಬೇಡಿ. ಮೊದಮೊದಲು ನಾಲಿಗೆ ಏಳುವುದಿಲ್ಲ. ನನಗೂ ಏಳಲಿಲ್ಲ.

ಆ ಸಹೋದ್ಯೋಗಿಗೆ ಫೋನ್ ಮಾಡಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಸಾಕ್ಷಿ ಹೇಳಿದ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಮ್ಮನಿಗಾಗಿ ಪ್ರಾರ್ಥನೆ ಮಾಡಿ ಟೀಚರ್' ಎಂದರು. ಕಳೆದ ಕೌನ್ಸೆಲಿಂಗ್‌ನಲ್ಲೂ ಅವರಿಗೆ ಊರು ಸಿಗಲಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಆ ಎರಡು ಹೆಸರುಗಳಿಗೆ ಇನ್ನೂ ಗೆರೆ ಎಳೆದಿಲ್ಲ.