ವ್ಯಾನಿಗೆ ನೆರಳು ಬೇಕು, ಡಿಶ್‌ಗೆ ಆಕಾಶ ಬೇಕು

ಪ್ರಶ್ನೆ: ನಾವು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು ಒಳಗೆ ಮಂಚ, ಸಣ್ಣ ಅಡುಗೆಕಟ್ಟೆ, ಸಿಂಕು ಎಲ್ಲ ಮಾಡಿಸಿದ್ದೇವೆ. ಮಾವನವರಿಗೆ 78 ವರ್ಷ. ಎಲ್ಲಿಗೆ ಹೋದರೂ ಸಂಜೆ ಅವರಿಗೆ ಚಂದನ ವಾಹಿನಿಯ ವಾರ್ತೆ ಬೇಕೇ ಬೇಕು. ಮೊಬೈಲಿನಲ್ಲಿ ತೋರಿಸೋಣ ಅಂದರೆ ನಾವು ಹೋಗುವ ಕಡೆ ನೆಟ್‌ವರ್ಕ್ ಇರುವುದಿಲ್ಲ. ಅಮೆರಿಕದಲ್ಲಿರುವ ಮೈದುನ, ಅಲ್ಲಿನ ಮೋಟರ್‌ಹೋಮ್‌ಗಳ ಮೇಲೆ ಕೂರಿಸುವ ಗುಮ್ಮಟದಂಥ ಆಂಟೆನಾ ತಂದುಕೊಡುತ್ತೇನೆ ಅನ್ನುತ್ತಿದ್ದಾನೆ. ಉಪಗ್ರಹವನ್ನು ಅದೇ ಹುಡುಕಿಕೊಳ್ಳುತ್ತದಂತೆ. ತರಿಸಲಾ? ಮುಂದಿನ ವರ್ಷ ಮಾವನವರನ್ನು ಇದೇ ಗಾಡಿಯಲ್ಲಿ ಕಾಶಿಗೆ ಕರೆದುಕೊಂಡು ಹೋಗುವ ಆಸೆಯೂ ಇದೆ.
– ಓದುಗರೊಬ್ಬರು, ಸಾಗರ

ಉತ್ತರ: ಅಕ್ಕಾ, ಮೊದಲು ಮೈದುನನಿಗೆ ಫೋನ್ ಮಾಡಿ, ತರಬೇಡ ಅಂತ ಹೇಳಿಬಿಡಿ. ಅವರ ಪ್ರೀತಿ ದೊಡ್ಡದು, ಆದರೆ ಆ ಸಾಮಾನು ಇಲ್ಲಿಗೆ ಆಗಿಬರುವುದಿಲ್ಲ. ಅಲ್ಲಿನ ಡೈರೆಕ್‌ಟಿವಿ, ಡಿಶ್ ಕಂಪನಿಗಳ ಉಪಗ್ರಹಗಳು ಪಶ್ಚಿಮ ರೇಖಾಂಶ 101, 110, 119 ಡಿಗ್ರಿಯಲ್ಲಿವೆ. ಗುಮ್ಮಟದೊಳಗಿನ ಮೋಟಾರಿಗೆ ಹುಡುಕಲು ಹೇಳಿಕೊಟ್ಟಿರುವುದು ಅವನ್ನೇ. ಜೊತೆಗೆ ಅಲ್ಲಿನ ಸಿಗ್ನಲ್ ಸುರುಳಿ ಸುತ್ತಿಕೊಂಡು ಬರುತ್ತದೆ. ನಮ್ಮ ಡಿಟಿಎಚ್ ಸಿಗ್ನಲ್ ಹಾಗಲ್ಲ, ಅಡ್ಡ ಮತ್ತು ಲಂಬ ಎಂದು ಎರಡು ಬಗೆಯಲ್ಲಿ ನೇರವಾಗಿ ಬರುತ್ತದೆ. ಅದನ್ನು ಹಿಡಿಯಲು ತಟ್ಟೆಯ ಎದುರಿಗೆ ಕೂರಿಸುವ ಎಲ್‌ಎನ್‌ಬಿ ಅನ್ನುವ ಭಾಗವೇ ಬೇರೆ.

ಇಲ್ಲಿಯ ಉಪಗ್ರಹಕ್ಕೆ ಹೊಂದುವ ಗುಮ್ಮಟವನ್ನೇ ತಂದರೂ ನಮ್ಮ ಮಲೆನಾಡಿಗೆ ಅದನ್ನು ಹಾಕಿಸಿ ಅಂತ ನಾನು ಹೇಳುವುದಿಲ್ಲ. ಗಾಡಿ ಓಡುವಾಗಲೂ ಹಿಡಿಯುವಂಥದ್ದು ಲಕ್ಷ ದಾಟುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ರಸ್ತೆ ಮೇಲೆ ಮರಗಳು ಚಪ್ಪರ ಹಾಕಿದಂತೆ ಕೂಡಿಕೊಂಡಿರುತ್ತವೆ. ಆಕಾಶವೇ ಕಾಣದ ಕಡೆ ಯಾವ ಮೋಟಾರು ಏನು ಹುಡುಕೀತು? ಇನ್ನೊಂದು, ಆ ಗುಮ್ಮಟದೊಳಗಿನ ತಟ್ಟೆ ಮನೆಯ ಡಿಶ್‌ಗಿಂತ ಚಿಕ್ಕದು. ಮಳೆ ಬಂದಾಗ ಮೊದಲು ಕೈಕೊಡುವುದು ಚಿಕ್ಕ ತಟ್ಟೆಯೇ.

ತೀರ್ಥಹಳ್ಳಿಯಲ್ಲಿ ಡಿಶ್ ಕೂರಿಸುವ ಕೆಲಸ ಹಿಡಿದು 20 ವರ್ಷ ಆಗುತ್ತಾ ಬಂತು. ನಮ್ಮ ಕಡೆ ಜನ ಯಾವ ಕಂಪನಿ ಒಳ್ಳೇದು, ಯಾವ ಪ್ಯಾಕ್ ಅಗ್ಗ ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು, ಮನೆ ಸುತ್ತ ಮರ ಎಷ್ಟು ಎತ್ತರ ಅಂತ. ಒಂದು ಸಲ ಮೇಗರವಳ್ಳಿ ಹತ್ತಿರದ ಮನೆಯೊಂದಕ್ಕೆ ಹೋಗಿದ್ದೆ. ಟಿವಿಯ ಚಿತ್ರ ನಾಲ್ಕೈದು ಸೆಕೆಂಡಿಗೊಮ್ಮೆ ಚೌಕ ಚೌಕವಾಗಿ ಒಡೆಯುತ್ತಿತ್ತು. ಬಾಕ್ಸ್ ಬದಲಿಸಿದ್ದರು, ಎಲ್‌ಎನ್‌ಬಿ ಬದಲಿಸಿದ್ದರು. ನಾನು ಡಿಶ್ ಪಕ್ಕ ಹೋಗಿ ಸಿಗ್ನಲ್ ಬರುವ ದಿಕ್ಕಿಗೆ ತಲೆ ಎತ್ತಿ ನಿಂತೆ. ಒಳಗಿನಿಂದ ಮನೆಯ ಹುಡುಗಿ ಟಿವಿ ನೋಡುತ್ತಾ ‘ಬಂತು… ಹೋಯ್ತು… ಬಂತು…’ ಅಂತ ಕೂಗುತ್ತಿದ್ದಳು. ಮೇಲೆ ಅಡಿಕೆ ಮರದ ಒಂದೇ ಒಂದು ಸೋಗೆ ಗಾಳಿಗೆ ತೂಗುತ್ತಿತ್ತು. ಅದು ಅಡ್ಡ ಬಂದಾಗ ಹುಡುಗಿ ‘ಹೋಯ್ತು’ ಅನ್ನುತ್ತಿದ್ದಳು, ಸರಿದಾಗ ‘ಬಂತು’. ರಾತ್ರಿ ಮಳೆ ಸುರಿದು ಸೋಗೆ ಪೂರ್ತಿ ನೆಂದಿತ್ತು. ನೀರು ಕುಡಿದ ಎಲೆ ಈ ಸಿಗ್ನಲ್‌ಗೆ ಗೋಡೆ ಇದ್ದ ಹಾಗೆ. ಡಿಶ್ಶನ್ನು ಎಂಟು ಅಡಿ ಸರಿಸಿದೆ, ಅಷ್ಟೇ ಕೆಲಸ.

ಆದ್ದರಿಂದ ಉಪಗ್ರಹ ನಮ್ಮ ಆಕಾಶದಲ್ಲಿ ಎಷ್ಟು ಎತ್ತರಕ್ಕಿದೆ ಅನ್ನುವುದನ್ನು ನೋಡಿ ಆರಿಸಿ. ಡಿಡಿ ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಶಿವಮೊಗ್ಗದಲ್ಲಿ ನಿಂತು ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 64 ಡಿಗ್ರಿ ಮೇಲಿದೆ. ಟಾಟಾ ಪ್ಲೇ 83 ಡಿಗ್ರಿಯದು. ಅದು ಇನ್ನೂ ಮೇಲೆ, 71 ಡಿಗ್ರಿ ದಾಟುತ್ತದೆ. ಏರ್‌ಟೆಲ್ 108.2 ಡಿಗ್ರಿಯದು. ಅದು ಕೆಳಗೆ, 49 ಡಿಗ್ರಿಯಷ್ಟು. ಈ ಅಂಕಿಗಳನ್ನು ನೀವು ನೆನಪಿಡಬೇಕಿಲ್ಲ. ನಾನು ಹುಡುಗರಿಗೆ ಹೇಳಿಕೊಡುವ ಲೆಕ್ಕ ಇಷ್ಟೇ: ಫ್ರೀ ಡಿಶ್‌ಗೆ ಮರದ ಎತ್ತರದ ಅರ್ಧದಷ್ಟು ದೂರ ಬಿಡಿ, ಟಾಟಾ ಪ್ಲೇಗೆ ಮೂರನೇ ಒಂದು ಭಾಗ ಸಾಕು, ಏರ್‌ಟೆಲ್‌ಗೆ ಹೆಚ್ಚುಕಡಿಮೆ ಮರದ ಎತ್ತರದಷ್ಟೇ ದೂರ ಬೇಕು. 50 ಅಡಿಯ ಅಡಿಕೆ ಮರ ಎದುರಿಗಿದ್ದರೆ ಕ್ರಮವಾಗಿ 25, 17, 43 ಅಡಿ. ಬಯಲುಸೀಮೆಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಕಾಡಿನ ನಡುವೆ ಗಾಡಿ ನಿಲ್ಲಿಸುವ ನಿಮಗೆ ಇದೇ ಮುಖ್ಯ.

ಮಾವನವರಿಗೆ ಬೇಕಿರುವುದು ಚಂದನ. ಅದು ಫ್ರೀ ಡಿಶ್‌ನಲ್ಲಿದೆ, ತಿಂಗಳ ಬಾಡಿಗೆ ಇಲ್ಲ. ವ್ಯಾನು ವರ್ಷದಲ್ಲಿ ಎಂಟು ತಿಂಗಳು ಮನೆ ಮುಂದೆಯೇ ನಿಂತಿರುತ್ತದೆ ಅಲ್ವಾ? ಸುಮ್ನೆ ಯಾಕೆ ರೀಚಾರ್ಜ್ ಮಾಡುತ್ತಾ ಕೂರಬೇಕು? ನಿಮಗೆ ಫ್ರೀ ಡಿಶ್ಶೇ ಸರಿ. ಜಿಸ್ಯಾಟ್-15 ಹಾರಿದ್ದು 2015ರ ನವೆಂಬರ್ 11ರಂದು, ಫ್ರೆಂಚ್ ಗಯಾನಾದಿಂದ. ಸುಮಾರು 36,000 ಕಿ.ಮೀ. ಮೇಲಿರುವ ಅದನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಕೇಂದ್ರ. ಮಾವನವರಿಗೆ ಹೇಳಿ, ಖುಷಿಪಡುತ್ತಾರೆ.

ಇನ್ನು ಡಿಶ್ ಎಲ್ಲಿ ಕೂರಿಸುವುದು? ವ್ಯಾನಿನ ಮೇಲೆ ಮಾತ್ರ ಬೇಡ. ಹೋದ ಡಿಸೆಂಬರ್‌ನಲ್ಲಿ ಹೊನ್ನೇಮರಡು ಕಡೆಯಿಂದ ಒಂದು ಕುಟುಂಬ ಕರೆಸಿತ್ತು. ತಗಡಿಗೆ ತೂತು ಹೊಡೆದು ಡಿಶ್ ಬಿಗಿಸಿದ್ದರು. ಗಾಡಿಯನ್ನು ಮಾವಿನ ಮರದ ಕೆಳಗೆ ನಿಲ್ಲಿಸಿದರೆ ಟಿವಿ ಇಲ್ಲ. ಟಿವಿಗಾಗಿ ಬಿಸಿಲಿಗೆ ತಂದರೆ ಒಳಗೆ ಮಲಗಿದ್ದ ಅಜ್ಜಿ ಬೆವರಿ ಒದ್ದೆ. ತೂತಿನ ಸುತ್ತ ಮಳೆಗಾಲದ ನೀರು ಇಳಿದ ಕಂದು ಕಲೆ ಬೇರೆ. ವ್ಯಾನಿಗೆ ನೆರಳು ಬೇಕು, ಡಿಶ್‌ಗೆ ಆಕಾಶ ಬೇಕು. ಎರಡನ್ನೂ ಒಂದೇ ಕಡೆ ಕಟ್ಟಿಹಾಕಿದರೆ ಯಾರಾದರೂ ಒಬ್ಬರು ಕಷ್ಟಪಡಲೇಬೇಕು.

60 ಸೆಂ.ಮೀ. ಮಾಮೂಲಿ ಡಿಶ್ ತಗೊಳ್ಳಿ. ವೆಲ್ಡಿಂಗ್ ಅಂಗಡಿಯಲ್ಲಿ ಮಡಚುವ ಮೂರು ಕಾಲಿನ ಸ್ಟ್ಯಾಂಡ್ ಮಾಡಿಸಿ. 20 ಮೀಟರ್ ಆರ್‌ಜಿ-6 ಕೇಬಲ್ ಇರಲಿ. ಗಾಡಿ ನೆರಳಲ್ಲಿರಲಿ, ಡಿಶ್ ಬಯಲಲ್ಲಿ ಕೂರಲಿ. ಗಾಳಿಗೆ ಬೀಳದಂತೆ ಸ್ಟ್ಯಾಂಡಿನ ನಡುವೆ ನೀರಿನ ಕ್ಯಾನ್ ಕಟ್ಟಿ, ಇಲ್ಲವೇ ಕಾಲಿಗೊಂದು ಜಂಬಿಟ್ಟಿಗೆ ಕಲ್ಲು ಇಡಿ.

ಕೂರಿಸುವಾಗ ಒಂದೇ ವಿಷಯಕ್ಕೆ ಹಟ ಹಿಡಿಯಿರಿ: ಸ್ಟ್ಯಾಂಡಿನ ಕಂಬ ನೆಟ್ಟಗಿರಬೇಕು. ಸ್ಪಿರಿಟ್ ಲೆವೆಲ್ ಇಟ್ಟು ಎರಡು ಕಡೆಯಿಂದ ನೋಡಿ. ಡಿಶ್ಶಿನ ಹಿಂದೆ ಡಿಗ್ರಿ ಗುರುತುಗಳಿವೆ. ಒಮ್ಮೆ ಮನೆ ಅಂಗಳದಲ್ಲಿ ಪೂರ್ತಿ ಸಿಗ್ನಲ್ ಹಿಡಿಸಿ, ಬೋಲ್ಟ್ ಇರುವ ಜಾಗಕ್ಕೆ ಉಗುರಿನ ಬಣ್ಣದಿಂದ ಗೆರೆ ಎಳೆದುಬಿಡಿ. ಶಿವಮೊಗ್ಗ ಜಿಲ್ಲೆಯೊಳಗೆ ಎಲ್ಲೇ ಹೋದರೂ ಆ ಗೆರೆ ಬದಲಾಗುವುದಿಲ್ಲ. ಕಂಬ ನೆಟ್ಟಗಿದ್ದರೆ ಉಳಿಯುವುದು ಎಡಬಲಕ್ಕೆ ತಿರುಗಿಸುವ ಕೆಲಸ ಮಾತ್ರ. ಫೋನಿನ ದಿಕ್ಸೂಚಿಯಲ್ಲಿ 127 ಡಿಗ್ರಿ ನೋಡಿಕೊಂಡು ನಿಧಾನ, ಬೆರಳಗಲ ಬೆರಳಗಲ ತಿರುಗಿಸಿ. ಪ್ರತಿ ಸಲ ಎರಡು ಸೆಕೆಂಡ್ ಕಾಯಿರಿ, ಬಾಕ್ಸ್‌ಗೆ ಗುರುತು ಹಿಡಿಯಲು ಸಮಯ ಬೇಕು. ಸಿಗ್ನಲ್ ಮೀಟರ್ ಕೂಗಿತು ಅಂತ ನಂಬಿ ಬಿಗಿ ಮಾಡಬೇಡಿ. ಪಕ್ಕದಲ್ಲೇ 95 ಡಿಗ್ರಿಯಲ್ಲೂ ಉಪಗ್ರಹ ಇದೆ, ಮೀಟರ್ ಅದಕ್ಕೂ ಕೂಗುತ್ತದೆ. ಟಿವಿ ಪರದೆಯಲ್ಲಿ ‘ಕ್ವಾಲಿಟಿ’ ಪಟ್ಟಿ ಏರಿದರೆ ಮಾತ್ರ ಸರಿ.

ಇನ್ನೊಂದು ಮಾತು. ಈ ಡಿಶ್ ನೋಡುತ್ತಿರುವಂತೆ ಕಾಣುವ ಕಡೆಯಿಂದ ಸಿಗ್ನಲ್ ಬರುವುದಿಲ್ಲ, ಅದಕ್ಕಿಂತ ಸಾಕಷ್ಟು ಮೇಲಿಂದ ಬರುತ್ತದೆ. ಹಾಗಾಗಿ ಎದುರಿನ ಬೇಲಿಗೆ ಹೆದರಬೇಡಿ, ಮೇಲಿನ ಕೊಂಬೆ ನೋಡಿ.

ಕರೆಂಟಿನ ವಿಷಯ. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಮೇಲೆ ಏನು ಬರೆದಿದೆ ಓದಿ. 12 ವೋಲ್ಟ್ ಅಂತಿದ್ದರೆ ಇನ್ವರ್ಟರ್ ಬೇಡ. ಟಿವಿಯನ್ನೂ 12 ವೋಲ್ಟಿನದೇ ಹುಡುಕಿ. 24 ಇಂಚಿನ ಟಿವಿ, ಬಾಕ್ಸ್ ಎರಡೂ ಸೇರಿ 45 ವ್ಯಾಟ್ ಅಂದುಕೊಂಡರೆ ಗಂಟೆಗೆ ನಾಲ್ಕು ಆಂಪಿಯರ್-ಅವರ್ ಸಹ ಆಗುವುದಿಲ್ಲ. ಸಂಜೆ ಎರಡು ಗಂಟೆ ನೋಡಿದರೆ 100 ಆಂಪಿಯರ್-ಅವರ್ ಬ್ಯಾಟರಿಗೆ ಭಾರವೇ ಅಲ್ಲ. ಆದರೆ ಅದು ಎರಡನೇ ಬ್ಯಾಟರಿ ಆಗಿರಲಿ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಟಿವಿ ನೋಡಿ, ಬೆಳಗ್ಗೆ ಹಿನ್ನೀರಿನ ದಡದಲ್ಲಿ ತಳ್ಳುವವರಿಗಾಗಿ ಕಾಯುವ ಸ್ಥಿತಿ ಹಿರಿಯರನ್ನು ಕರೆದುಕೊಂಡು ಹೋದಾಗ ಬರಬಾರದು. ಎಂಜಿನ್ ಓಡುವಾಗ ವೋಲ್ಟೇಜ್ 14 ದಾಟುತ್ತದೆ, ಆದ್ದರಿಂದ ನಡುವೆ 12 ವೋಲ್ಟಿನ ಕನ್ವರ್ಟರ್ ಹಾಕಿಸಿ.

ಕಾಶಿಗೆ ಖಂಡಿತ ಕರೆದುಕೊಂಡು ಹೋಗಿ. ಅಲ್ಲಿ ಇದೇ ಉಪಗ್ರಹ 58 ಡಿಗ್ರಿಗೆ ಇಳಿಯುತ್ತದೆ, ಇನ್ನಷ್ಟು ದಕ್ಷಿಣಕ್ಕೆ ಸರಿದು ದಿಕ್ಸೂಚಿಯ 157 ಡಿಗ್ರಿಗೆ ಬರುತ್ತದೆ. ಎಲ್‌ಎನ್‌ಬಿಯನ್ನೂ ಅದರ ಹಿಡಿಕೆಯಲ್ಲಿ ಸ್ವಲ್ಪ ತಿರುಗಿಸಬೇಕು, ಕ್ವಾಲಿಟಿ ಏರುವ ಕಡೆಗೆ. ಉಗುರಿನ ಬಣ್ಣದ ಹಳೇ ಗೆರೆ ಅಳಿಸಬೇಡಿ, ಊರಿಗೆ ಬಂದಾಗ ಬೇಕಾಗುತ್ತದೆ. ಹೊರಡುವ ಮೊದಲು, ಗಾಡಿಯ ಒಳಗೆ ಮಾಡಿಸಿದ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿದ್ದೀರಾ ನೋಡಿಕೊಳ್ಳಿ.

ಪ್ರಶ್ನೆ: ನಮ್ಮದು ಹೋಂಸ್ಟೇ. ಜೋರು ಮಳೆಗೆ ಟಿವಿ ಹೋಗುತ್ತದೆ. 90 ಸೆಂ.ಮೀ. ಡಿಶ್ ಹಾಕಿಸಿದರೆ ಸರಿಹೋಗುತ್ತದಾ?
– ಓದುಗರೊಬ್ಬರು, ಹೊಸನಗರ

ಉತ್ತರ: ಸುಧಾರಿಸುತ್ತದೆ. 60ರದಕ್ಕಿಂತ 90ರ ಡಿಶ್ ಎರಡೂಕಾಲು ಪಟ್ಟು ಜಾಸ್ತಿ ಸಿಗ್ನಲ್ ಹಿಡಿಯುತ್ತದೆ. ಆದರೂ ಜುಲೈ ತಿಂಗಳ ನಮ್ಮ ಮಳೆ ಕವುಚಿ ಹೊಯ್ದಾಗ ಸ್ವಲ್ಪ ಹೊತ್ತು ಹೋಗಿಯೇ ಹೋಗುತ್ತದೆ, ಅತಿಥಿಗಳಿಗೆ ಮೊದಲೇ ಹೇಳಿಬಿಡಿ. ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಮಳೆ ನಿಂತು ಹತ್ತು ನಿಮಿಷದಲ್ಲಿ ಟಿವಿ ಬಂದರೆ ಅದು ಮಳೆಯ ಕೆಲಸ. ಗಂಟೆಗಟ್ಟಲೆ ಬರದಿದ್ದರೆ ಎಲ್‌ಎನ್‌ಬಿ ಹತ್ತಿರದ ಕನೆಕ್ಟರ್ ಬಿಚ್ಚಿ ನೋಡಿ. ಒಳಗಿನ ತಾಮ್ರದ ತಂತಿ ಹಸಿರುಗಟ್ಟಿದ್ದರೆ ನೀರು ಇಳಿದಿದೆ. ತುದಿ ಕತ್ತರಿಸಿ ಹೊಸ ಪಿನ್ ಹಾಕಿಸಿ. ಕೇಬಲ್ಲನ್ನು ಕನೆಕ್ಟರಿಗಿಂತ ಒಂದು ಗೇಣು ಕೆಳಗೆ ಬಾಗಿಸಿ ಕಟ್ಟಿ, ನೀರು ಅಲ್ಲೇ ತೊಟ್ಟಿಕ್ಕಲಿ. ಎಲ್‌ಎನ್‌ಬಿ ಮುಖಕ್ಕೆ ಕಣಜ ಮಣ್ಣಿನ ಗೂಡು ಕಟ್ಟಿದೆಯಾ ಅಂತಲೂ ನೋಡಿ, ನಮ್ಮ ಕಡೆ ಇದು ತುಂಬಾ ಸಾಮಾನ್ಯ.

ಪ್ರಶ್ನೆ: ಮಾರ್ಚ್ ನಡುವೆ ನಾಲ್ಕೈದು ದಿನ, ಬೆಳಗ್ಗೆ 11ರ ಸುಮಾರಿಗೆ, ಸುಡುವ ಬಿಸಿಲಿನಲ್ಲಿ ಫ್ರೀ ಡಿಶ್ ಕೆಲವು ನಿಮಿಷ ಹೋಗಿತ್ತು. ಡಿಶ್ ಕೆಟ್ಟಿದೆಯಾ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಏನೂ ಕೆಟ್ಟಿಲ್ಲ. ಆ ದಿನಗಳಲ್ಲಿ ಆ ಹೊತ್ತಿಗೆ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಅವನ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಡಿಶ್‌ಗೆ ಕೇಳಿಸುವುದಿಲ್ಲ. ಸೆಪ್ಟೆಂಬರ್ ಕೊನೆಗೂ ಹೀಗೇ ಆಗುತ್ತದೆ. ಬೋಲ್ಟ್ ಮುಟ್ಟಬೇಡಿ. ಸಾಗರದ ಅಕ್ಕನಿಗೂ ಇದು ಉಪಯೋಗಕ್ಕೆ ಬರುತ್ತದೆ: ಆ ದಿನಗಳಲ್ಲಿ, ಆ ಹೊತ್ತಿಗೆ ಬಿಸಿಲು ಎಲ್ಲಿಂದ ಬೀಳುತ್ತದೆ ನೋಡಿ. ಸೂರ್ಯ ಆಗ ಇರುವ ಜಾಗವೇ ಉಪಗ್ರಹದ ಜಾಗ. ಅಂಗಳದ ಯಾವ ಮೂಲೆಗೆ ಆ ಹೊತ್ತಿನಲ್ಲಿ ಬಿಸಿಲು ಬೀಳುತ್ತದೋ, ಅಲ್ಲಿ ಡಿಶ್ ಇಟ್ಟರೆ ಯಾವ ಮರವೂ ಅಡ್ಡ ಬರುವುದಿಲ್ಲ.